ದಾನವೂ ಪಾಲನೆಯೂ: ಭೀಮನಬೀಡಿನ ಸೀಮೆಯಿಂದ ಕಂಡ ಸೌರದೀಪದ ಚರಿತ್ರೆ

೧

ಒಂದು ಊರಿಗೆ ಬೆಳಕು ಬಂದಿತೆಂದು ನಾವು ಹೇಳುವಾಗ ಆ ಮಾತಿನ ಅರ್ಥವೇನೆಂಬುದನ್ನು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಊರ ಎಲ್ಲೆಯೊಳಗೆ ಮೊದಲ ಕಂಬವನ್ನು ನೆಟ್ಟ ದಿನವನ್ನು ಹೇಳುತ್ತೇವೆಯೋ, ಕೊನೆಯ ಮನೆಯಲ್ಲಿ ದೀಪ ಹತ್ತಿದ ದಿನವನ್ನೋ, ಅಥವಾ ಊರ ಶಾಲೆಯಲ್ಲಿಯೂ ಆರೋಗ್ಯಕೇಂದ್ರದಲ್ಲಿಯೂ ಕತ್ತಲಾದ ಮೇಲೆ ಕೆಲಸ ನಡೆಯುವಂತಾದ ದಿನವನ್ನೋ? ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂತಹ ಊರಿನ ಚರಿತ್ರೆಯನ್ನು ಬರೆಯಹೊರಟವರಿಗೆ ಈ ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಬೀಡು ಎಂದರೆ ಜನ ಬಂದು ನೆಲೆಯೂರಿದ ಸ್ಥಳ. ಹಳಗನ್ನಡದಲ್ಲಿ ಅದಕ್ಕೆ ಸೇನೆಯ ಪಾಳೆಯವೆಂಬ ಅರ್ಥವೂ ಉಂಟು. ನೆಲೆಯೂರಿದ ಜನಕ್ಕೆ ಮನೆಯ ದೀಪದ ಜೊತೆಗೆ ಎಲ್ಲರಿಗೂ ಸೇರಿದ ದೀಪವೊಂದು ಬೇಕಾಗುತ್ತದೆ. ದೇವಾಲಯ, ಚಾವಡಿ, ಶಾಲೆ, ಆಸ್ಪತ್ರೆ, ಪಂಚಾಯಿತಿ ಕಚೇರಿ, ಸಮುದಾಯ ಭವನ—ಆ ದೀಪವಿರುವ ಕಟ್ಟಡ ಕಾಲದಿಂದ ಕಾಲಕ್ಕೆ ಬದಲಾಗಿದೆ. ದೀಪದ ಅಗತ್ಯ ಬದಲಾಗಿಲ್ಲ.

ವಿದ್ಯುತ್ತಿನ ತಂತಿ ತಲಪದ ಊರುಗಳ ಸಾರ್ವಜನಿಕ ಕಟ್ಟಡಗಳಿಗೆ ಸೂರ್ಯಶಕ್ತಿಯಿಂದ ದೀಪವನ್ನು ಒದಗಿಸುವ ಪ್ರಯತ್ನವನ್ನು ಸ್ವಯಂಸೇವಕರೂ ಸೇವಾಸಂಸ್ಥೆಗಳೂ ಕೈಕೊಂಡು ಈಗ ನಾಲ್ಕು ದಶಕಗಳಾಗಿವೆ. ಈ ಪ್ರಯತ್ನವನ್ನು ಜಗತ್ತಿನ ಹಿಂದುಳಿದ ದೇಶಗಳ ಕಥೆಯಾಗಿ ಹೇಳುವುದು ವಾಡಿಕೆ. ನಾವು ಅದನ್ನು ಚಾಮರಾಜನಗರ ಸೀಮೆಯಲ್ಲಿ ನಿಂತು ನೋಡಬಯಸುತ್ತೇವೆ. ಹಾಗೆ ನೋಡಿದಾಗ, ದೀಪವನ್ನು ಕೊಟ್ಟವರು ಯಾರೆಂಬುದಕ್ಕಿಂತ ಅದನ್ನು ಉಳಿಸಿಕೊಂಡವರು ಯಾರೆಂಬ ಪ್ರಶ್ನೆಯೇ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಫಲಕಾರಿಯೆಂದು ನಮಗೆ ತೋರಿದೆ.

೨

ಭಾರತದ ಜಲವಿದ್ಯುತ್ತಿನ ಚರಿತ್ರೆಯ ಮುಖ್ಯ ಅಧ್ಯಾಯವೊಂದು ಈ ಸೀಮೆಯ ಬಾಗಿಲಲ್ಲೇ ಆರಂಭವಾಯಿತು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ೧೯೦೮ರಲ್ಲಿ ಮೈಸೂರಿನಲ್ಲಿಯೂ ವಿದ್ಯುದ್ದೀಪಗಳು ಬೆಳಗಿದವು. ಜಲಪಾತದ ನೆರೆಯ ಹಳ್ಳಿಗಳಾದರೋ ಬಹುಕಾಲ ಹರಳೆಣ್ಣೆಯ ಹಣತೆಯನ್ನೂ ಸೀಮೆಎಣ್ಣೆಯ ಬುಡ್ಡಿಯನ್ನೂ ಅವಲಂಬಿಸಿಯೇ ಇದ್ದವು. ವಿದ್ಯುತ್ತು ಮೊದಲು ಹೋದದ್ದು ಹಣ ಕೊಡಬಲ್ಲವರಿದ್ದ ಕಡೆಗೆ. ಇದರಲ್ಲಿ ಆಶ್ಚರ್ಯವಿಲ್ಲದಿದ್ದರೂ ಇದನ್ನು ನೆನಪಿಡುವುದು ಅವಶ್ಯ.

ಸ್ವಾತಂತ್ರ್ಯಾನಂತರ ಗ್ರಾಮಗಳ ವಿದ್ಯುದೀಕರಣ ಸರ್ಕಾರದ ಗುರಿಯಾಯಿತು. ಆದರೆ ವಿದ್ಯುದೀಕರಣಗೊಂಡ ಗ್ರಾಮವೆಂದರೆ ಯಾವುದು? ೧೯೯೭ರವರೆಗಿನ ಲಕ್ಷಣದಂತೆ, ಗ್ರಾಮದ ಕಂದಾಯ ಎಲ್ಲೆಯೊಳಗೆ ಯಾವ ಉದ್ದೇಶಕ್ಕಾದರೂ ವಿದ್ಯುತ್ತು ಬಳಕೆಯಾದರೆ ಸಾಕಾಗಿತ್ತು. ಹೊಲದ ಬಾವಿಯೊಂದಕ್ಕೆ ಪಂಪು ಕೂಡಿಸಿದರೂ ಊರಿಗೆ ಊರೇ ಬೆಳಕು ಕಂಡಂತೆ ಲೆಕ್ಕ. ೧೯೯೭ರಲ್ಲಿ ಜನವಸತಿಯಿರುವ ಭಾಗದಲ್ಲಿ ಬಳಕೆಯಿರಬೇಕೆಂದು ಇದನ್ನು ತಿದ್ದಲಾಯಿತು. ೨೦೦೪ರಲ್ಲಿ ಬಂದ ಹೊಸ ಲಕ್ಷಣವು ಎರಡು ಷರತ್ತುಗಳನ್ನು ಸೇರಿಸಿತು: ನೂರಕ್ಕೆ ಹತ್ತರಷ್ಟಾದರೂ ಮನೆಗಳಿಗೆ ಸಂಪರ್ಕವಿರಬೇಕು, ಶಾಲೆ, ಪಂಚಾಯಿತಿ ಕಚೇರಿ, ಆರೋಗ್ಯಕೇಂದ್ರ, ಔಷಧಾಲಯ, ಸಮುದಾಯ ಭವನ ಮೊದಲಾದ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ತು ದೊರೆಯುವಂತಿರಬೇಕು. ಎಲ್ಲರ ದೀಪಕ್ಕೆ ಲೆಕ್ಕದಲ್ಲಿ ಸ್ಥಾನ ದೊರೆತದ್ದು ಇಷ್ಟು ತಡವಾಗಿ ಎಂಬುದು ಗಮನಾರ್ಹ.

೨೦೧೮ರ ಏಪ್ರಿಲ್ ೨೮ರಂದು ದೇಶದ ಎಲ್ಲ ಗ್ರಾಮಗಳೂ ವಿದ್ಯುದೀಕರಣಗೊಂಡವೆಂದು ಕೇಂದ್ರ ಸರ್ಕಾರ ಸಾರಿತು. ಆದರೆ ಲೆಕ್ಕ ಗ್ರಾಮದ್ದು. ಗುಂಡ್ಲುಪೇಟೆಯ ದಕ್ಷಿಣಕ್ಕೆ ಬಂಡೀಪುರದ ಕಾಡಿನ ಅಂಚಿನಲ್ಲಿರುವ ಜೇನುಕುರುಬರ, ಕಾಡುಕುರುಬರ ಹಾಡಿಗಳೂ, ಬಿಳಿಗಿರಿರಂಗನ ಬೆಟ್ಟದ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳೂ ಅನೇಕ ಸಂದರ್ಭಗಳಲ್ಲಿ ಪ್ರತ್ಯೇಕ ಗ್ರಾಮಗಳಲ್ಲ. ಅಲ್ಲದೆ, ೧೯೮೦ರ ಅರಣ್ಯ ಸಂರಕ್ಷಣಾ ಅಧಿನಿಯಮದಂತೆ ಅರಣ್ಯಭೂಮಿಯನ್ನು ಅನ್ಯ ಕಾರ್ಯಕ್ಕೆ ಬಳಸಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಾದುದರಿಂದ, ಕಾಡಿನ ನಡುವೆ ಕಂಬ ನೆಡುವುದು ಸುಲಭಸಾಧ್ಯವಾಗಿರಲಿಲ್ಲ. ೨೦೦೬ರ ಅರಣ್ಯ ಹಕ್ಕುಗಳ ಅಧಿನಿಯಮವು ಈ ತೊಡಕನ್ನು ಸಡಿಲಿಸಿತು. ಗ್ರಾಮಸಭೆಯ ಶಿಫಾರಸ್ಸಿನ ಮೇರೆಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿಯನ್ನು ಬಳಸಿ, ಹೆಕ್ಟೇರಿಗೆ ೭೫ಕ್ಕಿಂತ ಹೆಚ್ಚು ಮರಗಳನ್ನು ಕಡಿಯದೆ ಒದಗಿಸಬಹುದಾದ ಸೌಕರ್ಯಗಳನ್ನು ಅದು ಎಣಿಸುತ್ತದೆ. ಶಾಲೆ, ಔಷಧಾಲಯ, ಅಂಗನವಾಡಿ, ಸಮುದಾಯ ಕೇಂದ್ರ, ವಿದ್ಯುತ್ ತಂತಿ ಇವುಗಳೊಡನೆ ಅಸಾಂಪ್ರದಾಯಿಕ ಶಕ್ತಿಮೂಲವೂ ಆ ಪಟ್ಟಿಯಲ್ಲಿದೆ. ತಂತಿ ಬರಲಾಗದ ಪೋಡಿಗೆ ಸೌರಫಲಕವೇ ಗತಿಯೆಂಬುದು ಬೆಟ್ಟದ ಜನ ಮೊದಲೇ ಅರಿತಿದ್ದ ಸಂಗತಿ. ಕಾನೂನು ಅದನ್ನು ನಂತರ ಒಪ್ಪಿಕೊಂಡಿತು.

೩

ಸೂರ್ಯನ ಬೆಳಕನ್ನು ನೇರವಾಗಿ ವಿದ್ಯುತ್ತನ್ನಾಗಿಸಬಲ್ಲ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯವು ೧೯೫೪ರಲ್ಲಿ ಪ್ರದರ್ಶಿಸಿತು. ಸೂರ್ಯ, ಗಾಳಿ, ಭೂಗರ್ಭದ ಶಾಖ ಇವುಗಳಿಂದ ಹಿಂದುಳಿದ ದೇಶಗಳಿಗಾಗಬಹುದಾದ ಪ್ರಯೋಜನವನ್ನು ವಿಶ್ವಸಂಸ್ಥೆಯು ೧೯೬೧ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಚರ್ಚಿಸಿತು. ಭಾರತದಲ್ಲಿ ೧೯೭೪ರಲ್ಲಿ ಸ್ಥಾಪಿತವಾದ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ೧೯೭೭ರಲ್ಲಿ ಮೊದಲ ಸೌರಕೋಶವನ್ನೂ ೧೯೭೮ರಲ್ಲಿ ಮೊದಲ ಸೌರಫಲಕವನ್ನೂ ತಯಾರಿಸಿತು. ಹೀಗೆ ೧೯೮೦ರ ದಶಕ ಬರುವ ವೇಳೆಗೆ ಸಾಧನವಿತ್ತು. ಅದನ್ನು ಹಳ್ಳಿಯ ಮಾಡಿನ ಮೇಲೆ ಕೂಡಿಸುವವರು ಬೇಕಾಗಿತ್ತು.

ಈ ಕೆಲಸಕ್ಕೆ ಮೊದಲು ಇಳಿದವರಲ್ಲಿ ಸ್ವಯಂಸೇವಕರು ಪ್ರಮುಖರು. ೧೯೮೪ರಲ್ಲಿ ರಿಚರ್ಡ್ ಹ್ಯಾನ್ಸನ್ ಎಂಬ ಅಮೆರಿಕನ್ ಎಂಜಿನಿಯರರು ಎನರ್ಸಾಲ್ ಎಂಬ ಸೇವಾಸಂಸ್ಥೆಯನ್ನು ಕಟ್ಟಿ, ಡೊಮಿನಿಕನ್ ಗಣರಾಜ್ಯದ ಹಳ್ಳಿಗಳಲ್ಲಿ ಸೌರದೀಪಗಳನ್ನು ಕೂಡಿಸಿದರು. ಸ್ಥಳೀಯರಿಗೇ ಕೆಲಸ ಕಲಿಸಿ, ಸಣ್ಣ ಸಾಲದ ಏರ್ಪಾಟು ಮಾಡಿದರು. ೧೯೯೦ರಲ್ಲಿ ನೆವಿಲ್ ವಿಲಿಯಮ್ಸ್ ಎಂಬವರು ವಾಷಿಂಗ್ಟನ್ನಿನಲ್ಲಿ ಸೋಲಾರ್ ಎಲೆಕ್ಟ್ರಿಕ್ ಲೈಟ್ ಫಂಡ್ ಎಂಬ ನಿಧಿಯನ್ನು ಸ್ಥಾಪಿಸಿ, ಏಷ್ಯಾ ಆಫ್ರಿಕಾಗಳ ಹಲವು ದೇಶಗಳಿಗೆ ಈ ಕಾರ್ಯವನ್ನು ವಿಸ್ತರಿಸಿದರು. ಕನ್ನಡಿಗರಾದ ಡಾ. ಹರೀಶ್ ಹಂದೆಯವರು ಅಮೆರಿಕದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ, ಬಡವರು ಸೌರದೀಪಕ್ಕೆ ಹಣ ತೆತ್ತು ಬಳಸುತ್ತಿದ್ದುದನ್ನು ಕಂಡರು. ವಿಲಿಯಮ್ಸ್ ಅವರೊಡಗೂಡಿ ೧೯೯೫ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದರು. ೨೦೧೧ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಸಾಗರದಾಚೆಯ ದ್ವೀಪವೊಂದರಲ್ಲಿ ಪಡೆದ ಅನುಭವ ಕರ್ಣಾಟಕದ ಹಳ್ಳಿಗಳಿಗೆ ಬಂದ ದಾರಿ ಇದು.

ಸೌರದೀಪದ ಕ್ರಮ ಸರಳವಾದುದು. ಹಗಲು ಫಲಕದಲ್ಲಿ ಹುಟ್ಟಿದ ವಿದ್ಯುತ್ತು ಬ್ಯಾಟರಿಯಲ್ಲಿ ಸಂಗ್ರಹವಾಗಿ ರಾತ್ರಿ ದೀಪಕ್ಕೆ ಒದಗುತ್ತದೆ. ಫಲಕ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಬಾಳುತ್ತದೆ. ಸೀಸದ ಬ್ಯಾಟರಿಯಾದರೋ ಕೆಲವೇ ವರ್ಷಗಳದು; ಅದಕ್ಕೆ ಆಗಾಗ್ಗೆ ಶುದ್ಧೀಕರಿಸಿದ ನೀರನ್ನು ಹಾಕಬೇಕು, ಅತಿಯಾಗಿ ಬರಿದಾಗದಂತೆ ಕಾಯಬೇಕು, ಆಯುಸ್ಸು ತೀರಿದಾಗ ಹೊಸದನ್ನು ಕೊಳ್ಳಬೇಕು. ಸಾರ್ವಜನಿಕ ಕಟ್ಟಡದ ಕಷ್ಟವಿರುವುದು ಇಲ್ಲಿಯೇ. ಮನೆಯ ದೀಪ ಆರಿದರೆ ಮನೆಯವರು ವಿಚಾರಿಸುತ್ತಾರೆ. ಎಲ್ಲರ ದೀಪ ಆರಿದರೆ ಯಾರೂ ವಿಚಾರಿಸದೆ ಹೋಗಬಹುದು. ಉದ್ಘಾಟನೆಗೆ ಹಣವಿದ್ದು ಬ್ಯಾಟರಿಗೆ ಹಣವಿಲ್ಲದ ಕಾರಣದಿಂದ, ಫಲಕ ಚೆನ್ನಾಗಿದ್ದರೂ ಕತ್ತಲಲ್ಲುಳಿದ ಶಾಲೆಗಳೂ ಬೀದಿದೀಪಗಳೂ ಭಾರತದಲ್ಲಿಯೂ ಆಫ್ರಿಕದಲ್ಲಿಯೂ ಹೇರಳವಾಗಿವೆ. ಇದರ ಪರಿಣಾಮ ಅಲ್ಪವಲ್ಲ. ರಾತ್ರಿ ಹೆರಿಗೆಗೆ ಬಂದ ಹೆಂಗಸಿಗೆ ಟಾರ್ಚಿನ ಬೆಳಕೇ ಗತಿಯಾಗುತ್ತದೆ. ೨ರಿಂದ ೮ ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿರಬೇಕಾದ ಲಸಿಕೆ ಕೆಟ್ಟುಹೋಗುತ್ತದೆ.

೪

ಈ ಸಂದರ್ಭದಲ್ಲಿ ನಮ್ಮ ಶಾಸನಗಳ ಸಾಕ್ಷ್ಯವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರು ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸರು ೧೮೯೮ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಕನ್ನಡ ನಾಡಿನ ದಾನಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ದತ್ತಿ ಪದೇ ಪದೇ ಕಂಡುಬರುತ್ತದೆ. ಅಂತಹ ಶಾಸನವು ಇಂಥವನು ದೀಪ ಕೊಟ್ಟನೆಂದಷ್ಟೇ ಹೇಳಿ ಮುಗಿಯುವುದು ವಿರಳ. ಎಣ್ಣೆಗಾಗಿ ಬಿಟ್ಟ ಭೂಮಿಯ ಎಲ್ಲೆ, ಗಾಣದಿಂದ ಸಲ್ಲಬೇಕಾದ ಎಣ್ಣೆಯ ಅಳತೆ, ಇಟ್ಟ ಗದ್ಯಾಣ ಮತ್ತು ಅದರ ಬಡ್ಡಿ, ಅದನ್ನು ನಡಸತಕ್ಕ ಸ್ಥಾನಿಕರು ಅಥವಾ ಮಹಾಜನರು—ಇವೆಲ್ಲವೂ ಕಲ್ಲಿನ ಮೇಲೆ ಕಾಣಿಸಿಕೊಳ್ಳುತ್ತವೆ. ದತ್ತಿ ಆಚಂದ್ರಾರ್ಕವಾಗಿ ನಡೆಯಬೇಕೆಂದು ಆಶಿಸಿದವರು, ಸೂರ್ಯಚಂದ್ರರ ಮೇಲೆ ಮಾತ್ರ ಭಾರ ಹಾಕಿ ಸುಮ್ಮನಾಗಲಿಲ್ಲ. ಶಾಸನಗಳ ಕೊನೆಯಲ್ಲಿ ಬರುವ ಸಂಸ್ಕೃತ ಶ್ಲೋಕಗಳಲ್ಲಿ ಒಂದು, ಕೊಡುವುದು ಕಾಯುವುದು ಇವೆರಡರಲ್ಲಿ ಕಾಯುವುದೇ ಮೇಲೆಂದು ಸ್ಪಷ್ಟವಾಗಿ ಸಾರುತ್ತದೆ.

ಹಳೆಯ ವ್ಯವಸ್ಥೆಯನ್ನು ಆದರ್ಶವೆಂದು ಮುಂದಿಡುವುದು ನಮ್ಮ ಉದ್ದೇಶವಲ್ಲ. ಗುಡಿಯ ದೀಪದ ಬೆಳಕು ಊರಿನ ಎಲ್ಲರ ಮೇಲೂ ಬೀಳುತ್ತಿರಲಿಲ್ಲವೆಂಬುದನ್ನೂ, ಕೇರಿಗಳನ್ನು ಹೊರಗಿಟ್ಟ ಸಮಾಜದ ವ್ಯವಸ್ಥೆ ಅದೆಂಬುದನ್ನೂ ಮರೆಯಲಾಗದು. ಆದರೆ ದಾನ ಮುಗಿಯುವುದು ಪಾಲನೆಯ ಏರ್ಪಾಟಿನಲ್ಲಿ ಎಂಬ ಅವರ ವಿವೇಕ, ಸೌರದೀಪದ ಚರಿತ್ರೆಯನ್ನು ಅಳೆಯಲು ನಮಗೆ ಒಂದು ಮಾನದಂಡವನ್ನು ಕೊಡುತ್ತದೆ.

೫

ಈ ಮಾನದಂಡದಿಂದ ಮೂರು ಪ್ರಯತ್ನಗಳನ್ನು ಪರೀಕ್ಷಿಸಬಹುದು. ಮೊದಲನೆಯದು ಸೌರಶಕ್ತಿಯದಲ್ಲವಾದರೂ ನಮ್ಮ ನಾಡಿನದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಗೋಬರ್ ಅನಿಲದ ಸಮುದಾಯ ಸ್ಥಾವರವನ್ನು ಕಟ್ಟಿತು. ಅಡುಗೆಗೆ ಅನಿಲ ಕೊಡುವ ಮೊದಲ ಯತ್ನ ನಿಲ್ಲಲಿಲ್ಲ. ೧೯೮೭ರಲ್ಲಿ, ಊರವರು ಬಯಸಿದಂತೆ, ಅದೇ ಅನಿಲದಿಂದ ವಿದ್ಯುತ್ತನ್ನು ಉತ್ಪಾದಿಸಿ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಲಾಯಿತು. ಸಗಣಿ ತಂದವರಿಗೆ ಗೊಬ್ಬರವನ್ನು ಹಿಂದಿರುಗಿಸಿ ಸಣ್ಣ ಸಂಭಾವನೆಯನ್ನೂ ಕೊಡುತ್ತಿದ್ದರು. ಊರಿನ ಯುವಕರೇ ಯಂತ್ರವನ್ನು ನಡಸಿದರು. ಪುರದ ಪ್ರಯೋಗ ಈಗ ಚರಿತ್ರೆಗೆ ಸೇರಿದೆ. ಆದರೆ ಊರು ಕೇಳಿದ್ದನ್ನು ಕೊಟ್ಟಾಗ ಅದನ್ನು ನಡಸುವ ಕೈಗಳು ಊರಿನಲ್ಲೇ ದೊರೆಯುತ್ತವೆಂಬುದಕ್ಕೆ ಅದು ಸಾಕ್ಷಿ.

ಎರಡನೆಯದು ರಾಜಸ್ಥಾನದ ತಿಲೋನಿಯದು. ೧೯೭೨ರಲ್ಲಿ ಬಂಕರ್ ರಾಯ್ ಅವರು ಸ್ಥಾಪಿಸಿದ, ಬೇರ್‌ಫುಟ್ ಕಾಲೇಜ್ ಎಂದು ಹೆಸರಾದ ಸಂಸ್ಥೆ, ಹಗಲು ದನ ಕಾಯುವ ಮಕ್ಕಳ ರಾತ್ರಿಶಾಲೆಗಳಿಗೆ ಸೌರಲಾಂದ್ರಗಳನ್ನು ಒದಗಿಸಿತು. ಅದರ ವಿಶೇಷವಿರುವುದು ದುರಸ್ತಿಯ ವಿದ್ಯೆಯನ್ನು ಓದುಬರಹ ಬಾರದ ಹೆಂಗಸರಿಗೆ ಕಲಿಸಿದುದರಲ್ಲಿ. ಆಫ್ರಿಕದ ಹಲವು ದೇಶಗಳಿಂದ ಬಂದ ಅಜ್ಜಿಯರು ಆರು ತಿಂಗಳು ಅಲ್ಲಿದ್ದು, ಬಣ್ಣದ ಗುರುತುಗಳಿಂದಲೂ ಸನ್ನೆಗಳಿಂದಲೂ ಕೆಲಸ ಕಲಿತು ತಮ್ಮ ಊರುಗಳಿಗೆ ಮರಳಿದರು. ಕಲಿತ ಯುವಕ ಪಟ್ಟಣಕ್ಕೆ ಹೋಗಿಬಿಡಬಹುದು, ಅಜ್ಜಿ ಊರು ಬಿಡುವುದಿಲ್ಲ ಎಂಬುದೇ ಈ ಆಯ್ಕೆಯ ಹಿಂದಿನ ತರ್ಕ. ಇಲ್ಲಿ ಸ್ಥಾನಿಕರ ಜಾಗಕ್ಕೆ ಅಜ್ಜಿಯರು ಬಂದಿದ್ದಾರೆ.

ಮೂರನೆಯದು ಸೆಲ್ಕೋ ಸಂಸ್ಥೆಯದು. ದೀಪವನ್ನು ಉಚಿತವಾಗಿ ಹಂಚದೆ, ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ದುರಸ್ತಿಗೆ ಸಮೀಪದಲ್ಲೇ ಶಾಖೆಗಳನ್ನು ತೆರೆದುದು ಅದರ ಮಾರ್ಗ. ಶಾಲೆಗಳ ವಿಷಯದಲ್ಲಿ ಅದು ಕೈಕೊಂಡ ಉಪಾಯ ಗಮನಿಸತಕ್ಕದ್ದು. ಫಲಕವನ್ನು ಶಾಲೆಯ ಮಾಡಿನ ಮೇಲೆ ಕೂಡಿಸಿ, ಮಕ್ಕಳಿಗೆ ಸಣ್ಣ ಬ್ಯಾಟರಿಗಳನ್ನು ಕೊಟ್ಟರು. ಬೆಳಗ್ಗೆ ಶಾಲೆಗೆ ತಂದ ಬ್ಯಾಟರಿ ಸಂಜೆಯ ವೇಳೆಗೆ ತುಂಬಿ ಮಗುವಿನೊಡನೆ ಮನೆಗೆ ಹೋಗುತ್ತದೆ. ಶಾಲೆಯ ಫಲಕ ಕೆಟ್ಟರೆ ಅಂದು ರಾತ್ರಿಯೇ ಊರಿನ ಮನೆಮನೆಯಲ್ಲಿ ಅದು ತಿಳಿಯುತ್ತದೆ. ಎಲ್ಲರ ದೀಪವನ್ನು ಮನೆಯ ದೀಪಕ್ಕೆ ಹೀಗೆ ಗಂಟುಹಾಕಿದುದರಿಂದ, ಸಾರ್ವಜನಿಕ ವಸ್ತುವಿಗೆ ಕೇಳುವವರು ಹುಟ್ಟಿಕೊಂಡರು.

೬

ಇನ್ನು ನಮ್ಮ ಸೀಮೆಗೆ ಮರಳೋಣ. ೧೯೮೧ರಲ್ಲಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ಸೋಲಿಗರಿಗಾಗಿ ಆಸ್ಪತ್ರೆಯನ್ನೂ ಶಾಲೆಯನ್ನೂ ನಡಸಿದರು. ೧೯೯೪ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ೧೯೯೬ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯಕೇಂದ್ರದ ನಿರ್ವಹಣೆಯನ್ನು ಅವರ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಹೊಸ ಕಟ್ಟಡವನ್ನು ಕಟ್ಟುವುದಕ್ಕಿಂತ ಇರುವುದನ್ನು ನಡಸುವುದು ದೊಡ್ಡ ಸೇವೆಯೆಂಬ ತಿಳಿವಳಿಕೆ ಈ ಕಾರ್ಯದಲ್ಲಿದೆ. ಹೊರಗಿನಿಂದ ಬಂದ ಸ್ವಯಂಸೇವಕ ಅಲ್ಲೇ ನೆಲಸಿದಾಗ, ದಾನಿಯೂ ಪಾಲಕನೂ ಒಬ್ಬನೇ ಆಗುತ್ತಾನೆ. ಆದರೆ ಎಲ್ಲ ಊರುಗಳಿಗೂ ಇಂತಹವರು ದೊರೆಯಲಾರರು; ದೊರೆತ ಕಡೆಯಲ್ಲಿಯೂ ಅವರ ನಂತರದ ಏರ್ಪಾಟು ಬೇಕೇ ಬೇಕು.

ಭೀಮನಬೀಡಿನಂತಹ ಬಯಲಿನ ಊರಿಗೂ ಬಂಡೀಪುರದಂಚಿನ ಹಾಡಿಗೂ ಬೆಳಕಿನ ಸಮಸ್ಯೆ ಒಂದೇ ಅಲ್ಲ. ಬಯಲಿನಲ್ಲಿ ತಂತಿಯಿದೆ, ಅಲ್ಲಿ ಸೌರಫಲಕ ವಿದ್ಯುತ್ತು ಕೈಕೊಟ್ಟಾಗಿನ ಆಸರೆ. ಹಾಡಿಯಲ್ಲಿ ಅನೇಕ ವೇಳೆ ಅದೇ ಏಕಮಾತ್ರ ಆಧಾರ. ಎರಡು ಕಡೆಯೂ ಪಾಲನೆಯ ಪ್ರಶ್ನೆ ಮಾತ್ರ ಸಮಾನ. ಬ್ಯಾಟರಿಯ ಹಣವನ್ನು ಪ್ರತಿವರ್ಷ ತೆಗೆದಿಡುವವರು ಯಾರು, ನೀರು ಹಾಕುವವರು ಯಾರು, ಕೆಟ್ಟರೆ ಯಾರಿಗೆ ಹೇಳಬೇಕು—ಈ ಮೂರು ಸಂಗತಿಗಳು ಫಲಕವನ್ನು ಕೂಡಿಸುವ ಮೊದಲೇ ಗ್ರಾಮಸಭೆಯ ಪುಸ್ತಕದಲ್ಲಿ ದಾಖಲಾಗತಕ್ಕವು.

ಸ್ವಯಂಸೇವಕರ ಶ್ರಮವನ್ನು ನಾವು ಕಡೆಗಣಿಸುತ್ತಿಲ್ಲ. ಅವರು ಬಾರದಿದ್ದರೆ ಎಷ್ಟೋ ಶಾಲೆಗಳಿಗೆ ಇಂದಿಗೂ ದೀಪವಿರುತ್ತಿರಲಿಲ್ಲ. ಆದರೆ ಅವರ ವರದಿಗಳು ಕೂಡಿಸಿದ ಫಲಕಗಳ ಎಣಿಕೆಯಲ್ಲಿ ಮುಗಿಯುವುದುಂಟು. ಚರಿತ್ರಕಾರನು ಐದು ವರ್ಷಗಳ ಮೇಲೆ ಹೋಗಿ ಉರಿಯುತ್ತಿರುವ ದೀಪಗಳನ್ನು ಎಣಿಸಬೇಕಾಗಿದೆ. ಚಾಮರಾಜನಗರ ಜಿಲ್ಲೆಯ ಶಾಲೆ, ಅಂಗನವಾಡಿ, ಆರೋಗ್ಯಕೇಂದ್ರಗಳ ಸೌರದೀಪಗಳನ್ನು ಕೊಟ್ಟವರು, ನಡಸುವವರು, ಇಂದಿನ ಸ್ಥಿತಿ ಎಂಬ ಮೂರು ಅಂಕಣಗಳಲ್ಲಿ ಊರೂರು ಸುತ್ತಿ ದಾಖಲಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಕೊಳ್ಳುವುದು ಉಚಿತ. ಶಾಸನಗಳನ್ನು ಹುಡುಕಿಕೊಂಡು ನಮ್ಮ ಹಿರಿಯರು ನಡೆದ ದಾರಿಗಳೇ ಈ ಊರುಗಳಿಗೂ ಹೋಗುತ್ತವೆ.