ಹಳೆಯ ‘ಸೆಸಮಿ ಸ್ಟ್ರೀಟ್’ ಡಿವಿಡಿಯ ಎಚ್ಚರಿಕೆ: ವಸ್ತುವಿನದೋ, ಕಟ್ಟಣೆಯದೋ?

‘ಸೆಸಮಿ ಸ್ಟ್ರೀಟ್: ಓಲ್ಡ್ ಸ್ಕೂಲ್’ ಎಂಬ ಡಿವಿಡಿ ಮಾಲೆಯ ಮೊದಲ ಸಂಪುಟ 2006ರಲ್ಲಿ ಹೊರಬಂತು. ಅಮೆರಿಕದ ಈ ಮಕ್ಕಳ ಟಿವಿ ಗೊಂಬೆ ಕಾರ್ಯಕ್ರಮದ 1969ರಿಂದ 1974ರವರೆಗಿನ ಆಯ್ದ ಕಂತುಗಳೂ ತುಣುಕುಗಳೂ ಅದರಲ್ಲಿದ್ದವು. ಮರುವರ್ಷ ಬಂದ ಎರಡನೆಯ ಸಂಪುಟ 1979ರವರೆಗಿನ ಕಾಲವನ್ನು ಒಳಗೊಂಡಿತು. ಈ ಹಳೆಯ ಕಂತುಗಳು ದೊಡ್ಡವರಿಗಾಗಿ ಎಂದೂ, ಇಂದಿನ ಶಾಲಾಪೂರ್ವ ಮಗುವಿನ ಅಗತ್ಯಗಳಿಗೆ ಹೊಂದದೆ ಇರಬಹುದು ಎಂದೂ ಎರಡೂ ಸಂಪುಟಗಳು ಎಚ್ಚರಿಸುತ್ತವೆ. ಈ ಲೇಖನದ ಚರ್ಚೆ ಆ ಎಚ್ಚರಿಕೆಯ ಸುತ್ತ.

ಕಾರ್ಯಕ್ರಮದ ಹುಟ್ಟಿನ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ. ಜೋನ್ ಗಾಂಜ್ ಕೂನಿ ಮತ್ತು ಲಾಯ್ಡ್ ಮಾರಿಸೆಟ್ 1968ರಲ್ಲಿ ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್ ಕಟ್ಟಿದರು. ಹಾರ್ವರ್ಡಿನ ಜೆರಾಲ್ಡ್ ಲೆಸ್ಸರ್ ಪಠ್ಯಕ್ರಮದ ಹೊಣೆ ಹೊತ್ತರು, ಎಡ್ವರ್ಡ್ ಪಾಮರ್ ಸಂಶೋಧನೆಯ ಹೊಣೆ. ಗೊಂಬೆಗಳು ಜಿಮ್ ಹೆನ್ಸನ್ ಬಳಗದವು. ಸೂತ್ರದವಲ್ಲ, ತೊಗಲಿನವೂ ಅಲ್ಲ. ಒಳಗಿನಿಂದ ಕೈಯಾಡಿಸಿದರೆ ಬಾಯಾಡಿಸುವ ಬಟ್ಟೆಯ ಗೊಂಬೆಗಳು. 1969ರ ನವೆಂಬರ್ 10ರಂದು ಮೊದಲ ಕಂತು ಪ್ರಸಾರವಾಯಿತು. ಮೊದಲ ವರ್ಷವೇ 130 ಕಂತುಗಳು, ಒಂದೊಂದೂ ಒಂದು ಗಂಟೆಯದು. ಇದರ ಪರಿಣಾಮವನ್ನು 1970ರಲ್ಲಿ ಸ್ಯಾಮ್ಯುಯೆಲ್ ಬಾಲ್ ಮತ್ತು ಗೆರಿ ಆನ್ ಬೊಗಾಟ್ಜ್ ಅಳೆದರು. 1975ರಲ್ಲಿ ಥಾಮಸ್ ಕುಕ್ ಮತ್ತು ಸಂಗಡಿಗರು ಅವರ ಅಳತೆಯನ್ನೇ ಪ್ರಶ್ನಿಸಿದರು. ಆ ವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ.

ಎಚ್ಚರಿಕೆಯ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎತ್ತಿದವರಲ್ಲಿ ವರ್ಜೀನಿಯಾ ಹೆಫರ್ನನ್ ಪ್ರಮುಖರು. 2007ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಅವರು, ಕಾರ್ಯಕ್ರಮ ನಡೆಯುವ ಹಳೆಯ ಬೀದಿಯ ಒರಟುತನವನ್ನು ಇಂದಿನ ಅತಿರಕ್ಷಣೆಯ ಪಾಲಕರು ತಾಳಲಾರರು, ಎಚ್ಚರಿಕೆಯ ಮರ್ಮ ಇದೇ ಎಂಬಂತೆ ವಾದಿಸಿದರು. ಅವರು ಕೊಡುವ ಉದಾಹರಣೆಗಳು ಇವು: ಮೊದಲ ಕಂತಿನಲ್ಲಿ ಗಾರ್ಡನ್ ಎಂಬಾತ ಸ್ಯಾಲಿ ಎಂಬ ಹೊಸ ಹುಡುಗಿಯ ಕೈಹಿಡಿದು ಬೀದಿ ತೋರಿಸುತ್ತಾನೆ, ಮನೆಗೆ ಕರೆದೊಯ್ದು ಹಾಲು-ಬಿಸ್ಕತ್ತು ಕೊಡಿಸುತ್ತಾನೆ. ಕಸದ ಡಬ್ಬಿಯಲ್ಲಿರುವ ಗೊಂಬೆ ಆಸ್ಕರ್ ಸದಾ ಸಿಡುಕುತ್ತಾನೆ. ಇನ್ನೊಂದು ಗೊಂಬೆ ಕುಕಿ ಮಾನ್‌ಸ್ಟರ್ ಹೊಗೆ ಸೇದುವ ಪೈಪು ಹಿಡಿದು ಕೂತು, ಕೊನೆಗೆ ಅದನ್ನೇ ನುಂಗುತ್ತಾನೆ. ಅವರ ಬರಹ ಸೊಗಸಾಗಿದೆ. ಆ ಸೊಗಸಿನಿಂದಲೇ ಅವರ ಓದು ಪ್ರಶ್ನೆಯಿಲ್ಲದೆ ಚಲಾವಣೆಯಾಯಿತೇನೋ. ನನ್ನ ತಕರಾರು ಇರುವುದು ಅವರ ಉದಾಹರಣೆಗಳ ಬಗ್ಗೆಯಲ್ಲ, ಅವುಗಳಿಂದ ಎಳೆದ ಕಾರಣದ ಬಗ್ಗೆ.

ಪೈಪಿನಿಂದಲೇ ಆರಂಭಿಸೋಣ. ಅದು ‘ಮಾನ್‌ಸ್ಟರ್‌ಪೀಸ್ ಥಿಯೇಟರ್’ ಎಂಬ ಅಣಕು ಸರಣಿಯದು, ಸರಣಿ ಶುರುವಾದದ್ದು 1978ರಲ್ಲಿ. ಮೊದಲ ಸಂಪುಟದ ಕಾಲವ್ಯಾಪ್ತಿ 1974ಕ್ಕೇ ಮುಗಿಯುತ್ತದೆ. ಎಂದ ಮೇಲೆ ಆ ಸಂಪುಟದ ಎಚ್ಚರಿಕೆಗೆ ಪೈಪು ಕಾರಣವಾಗಲಾರದು. ಇದು ಸಣ್ಣ ಮಾತು ನಿಜ, ಆದರೆ ಹತ್ತು ವರ್ಷಗಳ ಸಾಮಗ್ರಿಯನ್ನು ‘ಹಳೆಯದು’ ಎಂಬ ಒಂದೇ ಮೂಟೆಗೆ ಕಟ್ಟಿದ್ದು ಇದರಿಂದ ಬಯಲಾಗುತ್ತದೆ.

ಹೆಚ್ಚು ತೂಕದ ಸಾಕ್ಷ್ಯ ಮರುಪ್ರಸಾರದ ರೂಢಿಯಲ್ಲಿದೆ. ‘ಸೆಸಮಿ ಸ್ಟ್ರೀಟ್’ ಕಂತು ಒಂದೇ ಕಥೆಯಲ್ಲ. ಬೀದಿಯ ದೃಶ್ಯಗಳ ನಡುನಡುವೆ ಅಕ್ಷರ, ಅಂಕಿ, ಹಾಡುಗಳ ಬಿಡಿ ತುಣುಕುಗಳನ್ನು ಪೋಣಿಸಿದ ಮಾಲೆ ಅದು. ಈ ತುಣುಕುಗಳು ಒಂದು ಕಂತಿಗೆ ಅಂಟಿಕೊಂಡಿರಲಿಲ್ಲ. 1970ರಲ್ಲಿ ಅರ್ನಿ ಎಂಬ ಗೊಂಬೆ ಸ್ನಾನದ ತೊಟ್ಟಿಯಲ್ಲಿ ಕೂತು ರಬ್ಬರ್ ಬಾತುಕೋಳಿಗಾಗಿ ಹಾಡಿದ ತುಣುಕು ಎಷ್ಟೋ ವರ್ಷ ಹೊಸ ಕಂತುಗಳೊಳಗೆ ಮತ್ತೆ ಮತ್ತೆ ಬಂತು. 1980ರ ದಶಕದಲ್ಲಿ ರ‍್ಯಾಂಡಮ್ ಹೌಸ್ ಮೂಲಕ ಬಂದ ವಿಡಿಯೋ ಕ್ಯಾಸೆಟ್ಟುಗಳಲ್ಲೂ ಹಳೆಯ ತುಣುಕುಗಳನ್ನು ಹೊಸ ಹಂದರಕ್ಕೆ ಹೊಂದಿಸಿ ನೇರ ಮಕ್ಕಳಿಗೇ ಮಾರಿದರು. ಹಳೆಯದೆಲ್ಲ ಮಕ್ಕಳಿಗೆ ಒಗ್ಗದು ಎಂಬ ಭಾವನೆ ನಿರ್ಮಾಪಕರಿಗೆ ಇದ್ದಿದ್ದರೆ ಈ ರೂಢಿಗೆ ಅರ್ಥವೇ ಇರುತ್ತಿರಲಿಲ್ಲ. ಡಿವಿಡಿ ಹೊಸದಾಗಿ ಮಾಡಿದ್ದು ಬೇರೆ: ಇಡೀ ಒಂದು ಗಂಟೆಯ ಕಂತನ್ನು ಮೊದಲಿಂದ ಕೊನೆಯವರೆಗೆ ಹಾಗೆಯೇ ಕೊಟ್ಟದ್ದು.

ಆ ಗಂಟೆಯ ಕಟ್ಟಣೆಯೋ ಪ್ರಯೋಗದ ಕೂಸು. ಪಾಮರ್ ಮಗುವಿನ ಎದುರು ಕಾರ್ಯಕ್ರಮ ಹಾಕಿ, ಪಕ್ಕದ ಪರದೆಯಲ್ಲಿ ಚಿತ್ರ ಬದಲಾಯಿಸುತ್ತ, ಮಗುವಿನ ಕಣ್ಣು ಯಾವಾಗ ಆಚೆ ಹೋಗುತ್ತದೆಂದು ಗುರುತಿಸುತ್ತಿದ್ದರು. ಕಲ್ಪನೆಯನ್ನೂ ವಾಸ್ತವವನ್ನೂ ಬೆರೆಸಬಾರದೆಂಬ ತಜ್ಞರ ಸಲಹೆಯಂತೆ, 1969ರ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಪರೀಕ್ಷಿಸಿದ ಐದು ಕಂತುಗಳ ಬೀದಿಯಲ್ಲಿ ಗೊಂಬೆಗಳೇ ಇರಲಿಲ್ಲ. ಬೀದಿ ಬಂದಾಗಲೆಲ್ಲ ಮಕ್ಕಳ ಗಮನ ಕುಸಿಯಿತು. ಬಿಗ್ ಬರ್ಡ್ ಎಂಬ ಹಕ್ಕಿಗೊಂಬೆ ಮತ್ತು ಆಸ್ಕರ್ ಬೀದಿಗಿಳಿದದ್ದು ಆ ಮೇಲೆ. ಹೆಫರ್ನನ್ ಅವರಿಗೆ ಕಾಲದ ಒರಟುತನವಾಗಿ ಕಂಡ ಆಸ್ಕರ್, ಈ ದೃಷ್ಟಿಯಿಂದ, ಮಕ್ಕಳ ಕಣ್ಣನ್ನು ಪರದೆಗೆ ಕಟ್ಟಿಹಾಕಲು ಕಂಡುಕೊಂಡ ಉಪಾಯವೂ ಹೌದು.

ಗಮನದ ಬಗೆಗಿನ ತಿಳಿವಳಿಕೆ ಮುಂದೆ ಬದಲಾಯಿತು. 1996ರಲ್ಲಿ ನಿಕೆಲೋಡಿಯನ್ ವಾಹಿನಿಯ ‘ಬ್ಲೂಸ್ ಕ್ಲೂಸ್’ ಒಂದೇ ಕಥೆಯನ್ನು ಅರ್ಧ ಗಂಟೆ ಎಳೆದರೂ ಪುಟ್ಟ ಮಕ್ಕಳು ಕದಲಲಿಲ್ಲ. 1998ರಲ್ಲಿ ‘ಎಲ್ಮೋಸ್ ವರ್ಲ್ಡ್’ ಎಂಬ ದೀರ್ಘ ಭಾಗ ‘ಸೆಸಮಿ ಸ್ಟ್ರೀಟ್’ ಒಳಗೇ ಬಂತು; ನೋಡುಗರ ವಯಸ್ಸು ಕೆಳಗಿಳಿದಿತ್ತು. 2002ರಲ್ಲಿ ಬಿಡಿ ತುಣುಕುಗಳ ಮಾಲೆಯನ್ನೇ ಕೈಬಿಟ್ಟು ಕಂತನ್ನು ದೊಡ್ಡ ಭಾಗಗಳಾಗಿ ವಿಂಗಡಿಸಿದರು. ಎಚ್ಚರಿಕೆ ಬಂದದ್ದು ಇದಾದ ನಾಲ್ಕು ವರ್ಷಕ್ಕೆ. ಆದ್ದರಿಂದ ಅದನ್ನು ಬರೀ ನೈತಿಕ ಮುಜುಗರವೆಂದು ಓದುವ ಬದಲು, ಸಂಸ್ಥೆ ತಾನೇ ಹಿಂತೆಗೆದುಕೊಂಡ ಪಠ್ಯವಿಧಾನದ ಬಗ್ಗೆ ಕೊಟ್ಟ ಹೇಳಿಕೆಯಾಗಿಯೂ ಓದಬೇಕೆಂದು ನಾನು ಸೂಚಿಸುತ್ತೇನೆ.

ಈ ಸೂಚನೆಗೆ ಮಿತಿಗಳಿವೆ, ಮುಚ್ಚಿಡುವಂಥವಲ್ಲ. ಮರುಪ್ರಸಾರದ ಸಾಕ್ಷ್ಯ ಬಿಡಿ ತುಣುಕುಗಳ ಮಟ್ಟಿಗೆ ಗಟ್ಟಿ. ಸ್ಯಾಲಿಯ ದೃಶ್ಯ ಬೀದಿಗೆ ಸೇರಿದ್ದು, ಅಲ್ಲಿ ಈ ಸಾಕ್ಷ್ಯ ಸೋಲುತ್ತದೆ. ಆಸ್ಕರ್‌ನಂಥ ಪಾತ್ರವನ್ನು ಈಗ ಸೃಷ್ಟಿಸುವುದು ಕಷ್ಟವೆಂದು ಆಗಿನ ಕಾರ್ಯನಿರ್ವಾಹಕ ನಿರ್ಮಾಪಕಿ ಕ್ಯಾರೊಲ್-ಲಿನ್ ಪರೆಂಟೆ ಹೆಫರ್ನನ್ ಅವರಿಗೇ ಹೇಳಿದ್ದಾರೆ. ವಸ್ತುವಿನ ಬಗ್ಗೆ ಅಳುಕು ಇತ್ತೆಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ‘ದೊಡ್ಡವರಿಗಾಗಿ’ ಎಂಬ ಮಾತು ಬಾಲ್ಯವನ್ನು ದುಡ್ಡು ಕೊಟ್ಟು ಮರಳಿ ಕೊಳ್ಳಬಲ್ಲ ಮೂವತ್ತು-ನಲವತ್ತರ ಗಿರಾಕಿಗೆ ಹಾಕಿದ ಗಾಳವೂ ಆಗಿದ್ದೀತು. ಅಳುಕು, ವಿಧಾನ, ವ್ಯಾಪಾರ ಈ ಮೂರರ ಪಾಲು ಎಷ್ಟೆಷ್ಟೆಂದು ಡಿವಿಡಿಯೊಂದನ್ನೇ ಹಿಡಿದು ತೂಗಲಾಗದು. ನನ್ನ ವಾದ ಇಷ್ಟೇ: ಎರಡನೆಯದನ್ನು ಲೆಕ್ಕದಿಂದ ಕೈಬಿಟ್ಟದ್ದು ಸರಿಯಲ್ಲ.

ಇನ್ನುಳಿದದ್ದು ಪರೀಕ್ಷೆಗೆ ಬಿಟ್ಟ ಪ್ರಶ್ನೆ. ಹಳೆಯ ಕಂತು ಇಂದಿನ ಮಗುವಿಗೆ ಹೊಂದದು ಎಂಬುದು ದೊಡ್ಡವರು ತೀರ್ಪು ಕೊಡುವ ಸಂಗತಿಯಲ್ಲ. ಪಾಮರ್ ಬಿಟ್ಟುಹೋದ ವಿಧಾನದಲ್ಲೇ, ಅದೇ 1969ರ ಕಂತನ್ನು ಇಂದಿನ ನಾಲ್ಕು ವರ್ಷದ ಮಕ್ಕಳಿಗೆ ತೋರಿಸಿ, ಬೀದಿಯ ದೃಶ್ಯ ಮತ್ತು ತುಣುಕುಗಳನ್ನು ಬೇರೆ ಬೇರೆಯಾಗಿ ಅಳೆಯಬಹುದು. ತುಣುಕುಗಳಲ್ಲೂ ಗಮನ ಕುಸಿದರೆ ನನ್ನ ವಾದಕ್ಕೆ ಬಲ ಬರುತ್ತದೆ. ಕುಸಿಯದಿದ್ದರೆ ಹೆಫರ್ನನ್ ಅವರ ಓದನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಗುತ್ತದೆ.