ಉಸಿರಿಗೆ ಪೆರೋಲು

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಹೇಳಿತು. ತುರ್ತು ಪರಿಸ್ಥಿತಿ ಇರುವಷ್ಟು ಕಾಲ, ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದಾಗಿದ್ದ ಮೀಸಾ ಕಾಯ್ದೆಯಡಿ ಸೆರೆಯಾದವರು ತಮ್ಮನ್ನೇಕೆ ಹಿಡಿದಿರಿ ಎಂದು ಕೇಳಿಕೊಂಡು ನ್ಯಾಯಾಲಯಕ್ಕೆ ಬರುವಂತಿಲ್ಲ. ನಾಲ್ವರು ಹಾಗೆಂದರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದಾಗಿ ನಾಲ್ಕು ದಿನಕ್ಕೆ, ಮೇ 2ರಂದು, ಬೆಂಗಳೂರಿನಲ್ಲಿ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು.

ಕನ್ನಡ ನಾಡಿಗೆ ಆಕೆ ‘ಸಂಸ್ಕಾರ’ದ ಚಂದ್ರಿ. ಪತಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಆ ಚಿತ್ರ 1970ರ ಸ್ವರ್ಣಕಮಲ ಪಡೆದಿತ್ತು. ಅಗ್ರಹಾರದ ನಡುವೆ ಹೆಣ ಕೊಳೆಯುತ್ತಿದ್ದರೆ ಬ್ರಾಹ್ಮಣರು ಶಾಸ್ತ್ರದ ಗ್ರಂಥ ಬಿಚ್ಚಿ ಕೂರುವ ಕಥೆ ಅದು. ದಂಪತಿಗಳಿಬ್ಬರೂ ಲೋಹಿಯಾ ವಿಚಾರಕ್ಕೆ ಒಲಿದವರು, ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಗೆಳೆಯರು. ಜಾರ್ಜ್ ಆಗ ಭೂಗತ. ಅವರ ಸುಳಿವಿಗಾಗಿ ಹಿಂದಿನ ದಿನವಷ್ಟೇ ತಮ್ಮ ಲಾರೆನ್ಸರನ್ನು ಎಳೆದೊಯ್ದಿದ್ದ ಪೊಲೀಸರು, ಅವರು ನೆಟ್ಟಗೆ ನಡೆಯಲಾಗದಂತೆ ಬಡಿದರು. ಸ್ನೇಹಲತಾರ ಮೇಲೆ ಯಾರೂ ಲಾಠಿ ಎತ್ತಬೇಕಾಗಲಿಲ್ಲ. ಅವರಿಗೆ ಉಬ್ಬಸವಿತ್ತು.

ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲಿನಲ್ಲಿ ಅವರನ್ನಿಟ್ಟ ಸೆಲ್ ಒಬ್ಬರು ಕಾಲು ಚಾಚುವಷ್ಟು. ಮುಂದೆ ಕಬ್ಬಿಣದ ಸರಳಿನ ಬಾಗಿಲು, ಮೂಲೆಯಲ್ಲಿ ಶೌಚಕ್ಕೊಂದು ಕಿಂಡಿ. ಉಬ್ಬಸದವರನ್ನು ಹತ್ತಿರದಿಂದ ಕಂಡವರಿಗೆ ಇದರ ಅರ್ಥ ಹೇಳಬೇಕಿಲ್ಲ. ರಾತ್ರಿ ಉಸಿರು ಕಟ್ಟಿದರೆ ಮಲಗಲಾಗದು. ಎದ್ದು ಕುಳಿತು, ಮುಂದಕ್ಕೆ ಬಾಗಿ, ಒಂದೊಂದು ಉಸಿರನ್ನೂ ಬಾವಿಯಿಂದ ನೀರು ಸೇದಿದಂತೆ ಸೇದಬೇಕು. ಆ ಹೊತ್ತಿಗೆ ಬೇಕಾದ್ದು ಔಷಧಿ, ಬೆನ್ನು ನೀವುವ ಒಂದು ಕೈ, ಒಂದಿಷ್ಟು ಗಾಳಿ. ಜೈಲಿನಲ್ಲಿ ಇವೆಲ್ಲಕ್ಕೂ ಮೇಲಿನವರ ಅಪ್ಪಣೆ ಬೇಕು. ನಿಯತವಾದ ಚಿಕಿತ್ಸೆ ಅವರಿಗೆ ಸಿಗಲಿಲ್ಲ. ಉಬ್ಬಸ ಕೆರಳಿ ಪ್ರಜ್ಞೆ ತಪ್ಪಿದ್ದೂ ಉಂಟು. ಅದೇ ಜೈಲಿನಲ್ಲಿ ಬಂದಿಯಾಗಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ನಿಶ್ಶಬ್ದವಾದ ರಾತ್ರಿಗಳಲ್ಲಿ ಆಕೆಯ ಚೀರಾಟ ತಮ್ಮವರೆಗೆ ಕೇಳಿಬರುತ್ತಿತ್ತೆಂದು ಮುಂದೆ ಬರೆದರು. ಇನ್ನೊಂದು ಕೋಣೆಯ ಕೈದಿಗೆ ಕೇಳಿದ್ದು ಕಚೇರಿಗೆ ಕೇಳಲಿಲ್ಲವೆಂದರೆ ನಾನಂತೂ ನಂಬಲಾರೆ.

ಇಂಥ ಸ್ಥಿತಿಯಲ್ಲೂ ಆಕೆ ಸುಮ್ಮನೆ ಕೂತವರಲ್ಲ. ಹೆಂಗಸರ ವಿಭಾಗದಲ್ಲಿದ್ದ ಬಡ ಕೈದಿಗಳನ್ನು ಹೊಡೆಯುವುದು ವಾಡಿಕೆಯಾಗಿತ್ತು. ಅದನ್ನು ಪ್ರತಿಭಟಿಸಿದರು, ಉಪವಾಸ ಕೂತರು, ಊಟ ಸುಧಾರಿಸುವಂತೆ ಮಾಡಿದರು. ದಿನಚರಿಯನ್ನೂ ಬರೆದಿಟ್ಟರು. ಅದು ಅಚ್ಚಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1977ರಲ್ಲಿ.

ಜೂನ್ 10ರಂದು ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಸೆಪ್ಟೆಂಬರಿನಲ್ಲಿ, ಸರ್ಕಾರದ ವಿರುದ್ಧ ಸ್ಫೋಟದ ಸಂಚು ಹೂಡಿದರೆಂಬ ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಪಟ್ಟಿ ನ್ಯಾಯಾಲಯಕ್ಕೆ ಬಂತು. ಜಾರ್ಜ್ ಸೇರಿ 25 ಜನ ಆರೋಪಿಗಳು. ಸ್ನೇಹಲತಾರ ಹೆಸರು ಅದರಲ್ಲಿರಲಿಲ್ಲ. ಹುಡುಕುತ್ತಿದ್ದ ಮನುಷ್ಯ ಸಿಕ್ಕಿಯಾಗಿತ್ತು, ಈಕೆಯ ಮೇಲೆ ಆರೋಪವೂ ಉಳಿದಿರಲಿಲ್ಲ. ಬಾಗಿಲು ಮಾತ್ರ ತೆರೆಯಲಿಲ್ಲ. ಮೀಸಾಕ್ಕೆ ಆರೋಪ ಬೇಕಿರಲಿಲ್ಲವಷ್ಟೆ. ಮಳೆಗಾಲ ಕಳೆಯಿತು, ಬೆಂಗಳೂರಿನ ಧನುರ್ಮಾಸದ ಚಳಿಯೂ ಬಂತು. ಶ್ವಾಸಕೋಶಕ್ಕೆ ಸೋಂಕು ಹತ್ತಿತು.

1977ರ ಜನವರಿ 15ರಂದು, ಸಂಕ್ರಾಂತಿಯ ಮಗ್ಗುಲಲ್ಲಿ, ಪೆರೋಲು ಕೊಟ್ಟು ಅವರನ್ನು ಹೊರಗೆ ಕಳಿಸಿದರು. ಹದಿನೆಂಟರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಇಪ್ಪತ್ತರಂದು ಸ್ನೇಹಲತಾ ತೀರಿಕೊಂಡರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ.

ಆ ಸೆರೆಮನೆಯ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಊರಿನ ಧರಣಿ, ಮುಷ್ಕರಗಳೆಲ್ಲ ನಡೆಯುವುದು ಅಲ್ಲಿಯೇ. ಎಂಟೂವರೆ ತಿಂಗಳು ಅಲ್ಲಿ ಉಸಿರಿಗಾಗಿ ಒದ್ದಾಡಿದ ಹೆಂಗಸು ಸತ್ತದ್ದು ಜೈಲಿನ ಹೊರಗೆ, ಪೆರೋಲಿನ ಐದನೆಯ ದಿನ. ಹಾಗಾಗಿ ಜೈಲಿನೊಳಗಿನ ಸಾವುಗಳ ಲೆಕ್ಕಕ್ಕೆ ಆ ಸಾವು ಸೇರುವುದಿಲ್ಲ.