ವರ್ಷದ ಗಂಟು: ಮನೆಯಲ್ಲಿ ಮಗುವಿನ ಹುಟ್ಟುಹಬ್ಬ

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರುಗಳಲ್ಲಿ ಮಗುವಿನ ಹುಟ್ಟುಹಬ್ಬ ಇಂದು ಹೊಸ ಸುದ್ದಿಯೇನಲ್ಲ. ಪೇಟೆಗೆ ಹೋದವರು ಮೋಟಾರು ಸೈಕಲ್ಲಿನ ಮೇಲೆ ಕೇಕಿನ ಡಬ್ಬಿ ಅಲುಗದಂತೆ ಹಿಡಿದು ತರುತ್ತಾರೆ. ಪಡಸಾಲೆಯ ಗೋಡೆಗೆ ನಾಲ್ಕು ಬಲೂನು ಕಟ್ಟುತ್ತಾರೆ. ಓಣಿಯ ಮಕ್ಕಳು ತಲೆ ಬಾಚಿಕೊಂಡು ಬಂದು ಚಾಪೆಯ ಮೇಲೆ ಸಾಲಾಗಿ ಕೂರುತ್ತವೆ. ಇದನ್ನು ಕಂಡು ‘ನಮ್ಮ ಕಾಲದಾಗ ಇದೆಲ್ಲ ಎಲ್ಲಿತ್ತು?’ ಎಂದು ಗೊಣಗುವ ಹಿರಿಯರೂ ಇದ್ದಾರೆ. ಈ ಮಾತನ್ನು ಗೊಣಗಾಟವೆಂದು ತಳ್ಳಿಹಾಕದೆ ಒಂದು ಪ್ರಶ್ನೆಯಾಗಿ ಕೇಳಿಕೊಂಡರೆ ಅದರೊಳಗೆ ಒಂದು ಚರಿತ್ರೆಯೇ ಅಡಗಿದೆ. ಆಗ ಯಾಕೆ ಇರಲಿಲ್ಲ? ಈಗ ಎಲ್ಲಿಂದ ಬಂತು? ಬಂದದ್ದರಿಂದ ನಮಗೆ ಆದದ್ದೇನು?

ಆಗ ಇರಲಿಲ್ಲವೆಂಬುದಕ್ಕೆ ಮೊದಲ ಕಾರಣ ಬಹಳ ಸರಳ. ಹುಟ್ಟಿದ ತಾರೀಖೇ ಗೊತ್ತಿರಲಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ವಯಸ್ಸನ್ನು ಅಳೆಯುತ್ತಿದ್ದುದು ಬರಗಾಲ, ಬೇನೆ, ಮಳೆಗಳಿಂದ. 1876ರಿಂದ 1878ರವರೆಗಿನ ಭೀಕರ ಬರವನ್ನು ಧಾತು-ಈಶ್ವರ ಸಂವತ್ಸರಗಳ ಹೆಸರಿನಿಂದಲೇ ಜನ ನೆನೆಯುತ್ತಿದ್ದರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಹುಬ್ಬಳ್ಳಿ-ಧಾರವಾಡದ ಸೀಮೆಗೂ ಹಬ್ಬಿದ ಪ್ಲೇಗು ಇನ್ನೊಂದು ಗುರುತು. 1918ರ ಇನ್‌ಫ್ಲುಯೆಂಜಾ ಮತ್ತೊಂದು. ಗಾಂಧೀಜಿಯ ಕೊಲೆಯಾದ ವರ್ಷ ನಡೆಯಲು ಕಲಿತಿದ್ದವನು, ಈ ಭಾಗ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದ 1956ರಲ್ಲಿ ಹಾಲು ಕುಡಿಯುತ್ತಿದ್ದವಳು, ಹೀಗೆ ಲೆಕ್ಕ. ಕೆಲವರಿಗೆ ಹೆಸರೇ ಪಂಚಾಂಗ. ರಂಜಾನ್ ತಿಂಗಳಲ್ಲಿ ಹುಟ್ಟಿದವನು ರಂಜಾನಸಾಬ. ಮೊಹರಮ್ಮಿನ ದಿನಗಳಲ್ಲಿ ಹುಟ್ಟಿದವನಿಗೆ ಇಮಾಮಸಾಬ, ಹುಸೇನಸಾಬ ಎಂಬ ಹೆಸರು. ಆದರೆ ಚಂದ್ರಮಾನದ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಮಗು ಮಳೆಗಾಲದಲ್ಲಿ ಹುಟ್ಟಿದ್ದರೂ ಅದೇ ರಂಜಾನ್ ಕೆಲವೇ ವರ್ಷಗಳಲ್ಲಿ ಬೇಸಿಗೆಗೆ ಸರಿದಿರುತ್ತದೆ. ತಾಯಿಯ ನೆನಪೂ ಪಂಚಾಯ್ತಿಯ ಕ್ಯಾಲೆಂಡರೂ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಎರಡನೆಯ ಕಾರಣವೊಂದಿದೆ. ವರ್ಷಕ್ಕೊಮ್ಮೆ ಊರು ನೆನೆಯುತ್ತಿದ್ದುದು ಹುಟ್ಟಿದ ದಿನವನ್ನಲ್ಲ, ತೀರಿಕೊಂಡ ದಿನವನ್ನು. ಸೂಫಿಗಳ ಉರುಸ್ ನಡೆಯುವುದು ಅವರು ಅಗಲಿದ ದಿನದಂದು. ‘ಉರ್ಸ್’ ಎಂಬ ಅರಬ್ಬಿ ಪದಕ್ಕೆ ಮದುವೆ ಎಂದರ್ಥ. ಹಿಂದೂ ಮನೆಗಳಲ್ಲಿ ಶ್ರಾದ್ಧ, ಮಠಗಳಲ್ಲಿ ಆರಾಧನೆ, ಪುಣ್ಯತಿಥಿ. ನಮ್ಮ ಜಿಲ್ಲೆಯವರೇ ಆದ ಶಿಶುನಾಳ ಷರೀಫರು (1819-1889) ಹುಟ್ಟಿದ್ದೂ ತೀರಿಕೊಂಡದ್ದೂ ಒಂದೇ ತಾರೀಖು ಎಂದು ಅವರ ಭಕ್ತರು ನಂಬುತ್ತಾರೆ. ಹುಟ್ಟಿಗೂ ಸಾವಿಗೂ ಒಂದೇ ದಿನ ಕೊಟ್ಟು ಎರಡನ್ನೂ ಕೂಡಿಸಿದ ಈ ನಂಬಿಕೆ ಈ ನೆಲದ್ದೇ. ಇಂಥಲ್ಲಿ ಇನ್ನೂ ಏನನ್ನೂ ಮಾಡಿರದ ಐದು ವರ್ಷದ ಕೂಸಿಗೆ ವರ್ಷಾವಧಿ ಸಂಭ್ರಮವೆಂದರೆ ಯಾರಿಗಾದರೂ ವಿಚಿತ್ರವಾಗಿಯೇ ಕಂಡೀತು.

ಹಾಗೆಂದು ಹುಟ್ಟುಹಬ್ಬ ಪರದೇಶದ ಸರಕು ಎಂದರೆ ಅದೂ ತಪ್ಪು. ಉರ್ದುವಿನಲ್ಲಿ ಅದನ್ನು ‘ಸಾಲಗಿರಹ’ ಎನ್ನುತ್ತೇವೆ. ‘ಸಾಲ್’ ಎಂದರೆ ವರ್ಷ, ‘ಗಿರಹ’ ಎಂದರೆ ಗಂಟು. ಎರಡೂ ಪಾರಸಿ ಪದಗಳು. ಮಗು ಹುಟ್ಟಿದಾಗ ಒಂದು ದಾರ ತೆಗೆದಿಟ್ಟು, ವರ್ಷ ತುಂಬಿದಾಗಲೆಲ್ಲ ಅದಕ್ಕೆ ಒಂದೊಂದು ಗಂಟು ಹಾಕುವುದೇ ಈ ಪದ್ಧತಿ. ಎಷ್ಟು ಗಂಟೋ ಅಷ್ಟು ವಯಸ್ಸು. ಓದು ಬರಹ ಬಾರದ ಹೆಂಗಸೂ ಇಡಬಹುದಾದ ಜನನ ದಾಖಲೆ ಅದು.

ಆದರೆ ಚರಿತ್ರೆಯಲ್ಲಿ ನಮಗೆ ಎದ್ದು ಕಾಣುವುದು ಅರಮನೆಯ ಗಂಟುಗಳೇ. ಅಕ್ಬರನ ಆಳ್ವಿಕೆಯ ವಿವರಗಳುಳ್ಳ ‘ಐನ್-ಎ-ಅಕ್ಬರಿ’ಯ ಪ್ರಕಾರ ಚಕ್ರವರ್ತಿಯನ್ನು ವರ್ಷಕ್ಕೆ ಎರಡು ಸಲ, ಸೌರಮಾನದ ಹುಟ್ಟಿದ ದಿನ ಒಮ್ಮೆ, ಚಂದ್ರಮಾನದ ಹುಟ್ಟಿದ ದಿನ ಇನ್ನೊಮ್ಮೆ, ತಕ್ಕಡಿಯಲ್ಲಿ ತೂಗುತ್ತಿದ್ದರು. ಸೌರಮಾನದ ದಿನ ಹನ್ನೆರಡು ಬಗೆಯ ವಸ್ತುಗಳು: ಚಿನ್ನ, ರೇಷ್ಮೆ, ತಾಮ್ರ, ತುಪ್ಪ, ಕಬ್ಬಿಣ, ಏಳು ಧಾನ್ಯ, ಉಪ್ಪು ಮುಂತಾದವು. ತೂಗಿದ್ದನ್ನು ದಾನ ಕೊಡುತ್ತಿದ್ದರು. ರಾಜಕುಮಾರರಿಗೂ ಎರಡು ವರ್ಷ ತುಂಬಿದಾಗಿನಿಂದ ಈ ತೂಕ ಶುರು. ಮೊದಲು ಒಂದು ವಸ್ತು, ಮುಂದೆ ವರ್ಷಕ್ಕೊಂದರಂತೆ ಹೆಚ್ಚಿಗೆ. ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ 1617ರಲ್ಲಿ ಮಾಂಡುವಿನಲ್ಲಿ ಜಹಾಂಗೀರನ ಇಂಥ ತುಲಾಭಾರ ಕಂಡು ಬರೆದಿಟ್ಟಿದ್ದಾನೆ. ತುಲಾಭಾರ ನಮ್ಮ ಹಿಂದೂ ಅರಸರ ಹಳೆಯ ದಾನಪದ್ಧತಿ. ಸಾಲಗಿರಹ ಪಾರಸಿಯಿಂದ ಬಂದ ಮಾತು. ಮೊಗಲರ ಅಂಗಳದಲ್ಲಿ ಎರಡೂ ಒಂದೇ ಹಬ್ಬವಾದವು.

ದಖನ್ನಿನಲ್ಲಿ ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಶಾಹ್ (ಆಳ್ವಿಕೆ 1580-1612) ತನ್ನ ಸಾಲಗಿರಹದ ಮೇಲೆ ದಖನಿ ಭಾಷೆಯಲ್ಲಿ ಪದ್ಯಗಳನ್ನೇ ಬರೆದಿದ್ದಾನೆ. ಮೈಸೂರಿನಲ್ಲಿ ಮಹಾರಾಜರ ವರ್ಧಂತಿ ನಾಡಿನ ಉತ್ಸವವಾಗಿತ್ತು. ದೊರೆಯ ಹುಟ್ಟುಹಬ್ಬಕ್ಕೆ ಪ್ರಜೆಗಳು ದೀಪ ಹಚ್ಚುತ್ತಿದ್ದರು. ಪ್ರಜೆಯ ಹುಟ್ಟುಹಬ್ಬ ಯಾರ ಲೆಕ್ಕಕ್ಕೂ ಇರಲಿಲ್ಲ. ಸಾಮಾನ್ಯರ ಮನೆಯ ದಾರ ಸಿಗುವುದು 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕಾನೂನೆ ಇಸ್ಲಾಂ’ ಎಂಬ ಪುಸ್ತಕದಲ್ಲಿ. ದಖನ್ನಿನ ಮುಸಲ್ಮಾನರ ಹುಟ್ಟಿನಿಂದ ಸಾವಿನವರೆಗಿನ ಆಚರಣೆಗಳನ್ನು ಜಾಫರ್ ಶರೀಫ್ ದಖನಿಯಲ್ಲಿ ಬರೆದುಕೊಟ್ಟು, ಹರ್ಕ್ಲಾಟ್ಸ್ ಎಂಬ ವೈದ್ಯ ಅದನ್ನು ಇಂಗ್ಲಿಷಿಗೆ ತಂದ. ಅಲ್ಲಿ ಸಾಲಗಿರಹಕ್ಕೂ ಜಾಗವಿದೆ.

ಬಡವರ ಮಕ್ಕಳಿಗೆ ಸಂಭ್ರಮವೇ ಇರಲಿಲ್ಲವೆಂದಲ್ಲ. ಹುಟ್ಟಿದ ಏಳನೆಯ ದಿನ ಅಕೀಕಾ. ಕೂದಲು ತೆಗೆದು ಅದರ ತೂಕದ ಬೆಳ್ಳಿಯನ್ನು ಬಡವರಿಗೆ ಕೊಡುವುದು. ನಲವತ್ತನೆಯ ದಿನ ಚಿಲ್ಲಾ. ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ. ಮಗುವಿನ ಬಾಯಿಂದ ಮೊದಲ ಅಕ್ಷರ ಹೇಳಿಸಿ ಸಿಹಿ ಹಂಚುವ ದಿನ. ನೆರೆಮನೆಯಲ್ಲಿ ತೊಟ್ಟಿಲು, ಜಾವಳ. ಆದರೆ ಇವೆಲ್ಲ ಜೀವಮಾನದಲ್ಲಿ ಒಮ್ಮೆ ಬರುವಂಥವು, ದಾಟಿಬಿಡುವ ಹೊಸ್ತಿಲುಗಳು. ವರ್ಷ ವರ್ಷವೂ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ‘ನಿನಗೀಗ ಇಷ್ಟಾಯಿತು’ ಎಂದು ಎಣಿಸುವ ರೂಢಿ ಇರಲಿಲ್ಲ. ಬಿಸ್ಮಿಲ್ಲಾದ ದಿನವನ್ನು ಕರಾರುವಾಕ್ಕಾಗಿ ಎಣಿಸಬೇಕಾದರೂ ಹುಟ್ಟಿದ ದಿನ ಬರೆದಿಟ್ಟಿರಬೇಕು. ಅದು ಅನುಕೂಲಸ್ಥರ ಮನೆಯ ಮಾತು.

ಎಣಿಕೆ ಹಳ್ಳಿಗೆ ಬಂದದ್ದು ಶಾಲೆಯ ಬಾಗಿಲಿಂದ. ತಾರೀಖು ಗೊತ್ತಿಲ್ಲದ ಮಗುವನ್ನು ಮಾಸ್ತರರ ಮುಂದೆ ನಿಲ್ಲಿಸಿದರೆ, ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಶಾಲೆಗೆ ತಕ್ಕ ವಯಸ್ಸಾಯಿತು. ಶಾಲೆ ಶುರುವಾಗುವುದು ಜೂನ್ ತಿಂಗಳಲ್ಲಿ. ಅಲ್ಲಿಂದ ಹಿಂದಕ್ಕೆ ವರ್ಷಗಳನ್ನು ಎಣಿಸಿ ದಾಖಲೆ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಟ್ಟರೆ ಕೆಲಸ ಮುಗಿಯಿತು. ಹೀಗೆ ಕರ್ನಾಟಕದ ಒಂದೆರಡು ತಲೆಮಾರುಗಳಲ್ಲಿ ಅಸಂಖ್ಯಾತ ಜನ ಜೂನ್ 1ರಂದು ‘ಹುಟ್ಟಿದರು’. ಪಿಂಚಣಿ ಕಾಗದದಲ್ಲೂ ಮತದಾರರ ಚೀಟಿಯಲ್ಲೂ ಅದೇ ತಾರೀಖು. ಈ ಜನಕ್ಕೆ ಯಾರಾದರೂ ಜೂನ್ ಒಂದರಂದು ಶುಭ ಹಾರೈಸಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಅದು ಮಾಸ್ತರರ ಲೇಖನಿ ಹುಟ್ಟಿಸಿದ ದಿನವೆಂದು ಅವರಿಗೆ ಗೊತ್ತು.

ಇದೇ ಶಾಲೆ ಹಳ್ಳಿಯ ಮಗುವಿಗೆ ಹುಟ್ಟುಹಬ್ಬವೆಂದರೇನೆಂದು ಕಲಿಸಿತು. ಆದರೆ ಅದು ಬೇರೆಯವರದು. ಅಕ್ಟೋಬರ್ 2 ಗಾಂಧೀಜಿ, ನವೆಂಬರ್ 14 ನೆಹರೂ, 1962ರಿಂದ ಸೆಪ್ಟೆಂಬರ್ 5 ರಾಧಾಕೃಷ್ಣನ್. ಚಾಚಾ ನೆಹರೂ ಹುಟ್ಟಿದ ದಿನ ತಪ್ಪಿಲ್ಲದೆ ಹೇಳುತ್ತಿದ್ದ ಹುಡುಗನಿಗೆ ತನ್ನದು ಕೇಳಿದರೆ ತಾಯಿಯ ಮುಖ ನೋಡಬೇಕಾಗಿತ್ತು.

ಸರಕಾರ ಹುಟ್ಟನ್ನು ಬರೆಯಲು ಹೊರಟದ್ದು ಹಳೆಯ ಮಾತೇ. 1886ರಲ್ಲಿಯೇ ಜನನ, ಮರಣ, ವಿವಾಹಗಳ ನೋಂದಣಿ ಕಾಯಿದೆ ಬಂದಿತ್ತು. ಅದು ಇಷ್ಟವಿದ್ದವರಿಗೆ ಮಾತ್ರ. ನೋಂದಣಿಯನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದು 1969ರ ಕಾಯಿದೆ. ಮಗು ಹುಟ್ಟಿದ 21 ದಿನಗಳೊಳಗೆ ತಿಳಿಸಬೇಕೆಂದು ನಿಯಮವಾಯಿತು. ಆದರೆ ಹೆರಿಗೆ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದಷ್ಟು ಕಾಲ ಎಷ್ಟೋ ಹುಟ್ಟುಗಳು ದಫ್ತರದವರೆಗೆ ಹೋಗಲೇ ಇಲ್ಲ. ಹೆರಿಗೆ ಆಸ್ಪತ್ರೆಗೆ ಬಂದ ಮೇಲೆ ತಾರೀಖು, ಗಂಟೆ, ತೂಕ ಎಲ್ಲವೂ ಕಾಗದದ ಮೇಲೆ ಬಂದವು. 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ನೌಕರಿ, ವಿವಾಹ ನೋಂದಣಿ ಮುಂತಾದವುಗಳಲ್ಲಿ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಪುರಾವೆ.

ತಾರೀಖು ಬಂದ ಮೇಲೆ ಹಬ್ಬ ಬಂತು. ಅದರ ಸಾಮಾನು ಮಾತ್ರ ದೂರದ್ದು. 1746ರಲ್ಲಿ ಜರ್ಮನ್ ನಾಡಿನ ಕೌಂಟ್ ಜಿನ್ಸೆಂಡಾರ್ಫನ ಹುಟ್ಟುಹಬ್ಬಕ್ಕೆ ಭಾರೀ ಕೇಕೊಂದನ್ನು ಮಾಡಿ, ಅವನ ವಯಸ್ಸಿನಷ್ಟು ಮೇಣದಬತ್ತಿ ನೆಟ್ಟು, ನಡುವೆ ಇನ್ನೊಂದನ್ನು ಇಟ್ಟಿದ್ದರೆಂದು ಕಂಡವರು ಬರೆದಿದ್ದಾರೆ. ಜಗತ್ತೆಲ್ಲ ಹಾಡುವ ಆ ಹಾಡಿನ ರಾಗ ಅಮೆರಿಕದ ಕೆಂಟಕಿಯ ಶಿಶುವಿಹಾರದ್ದು. ಅಲ್ಲಿನ ಶಿಕ್ಷಕಿ ಪ್ಯಾಟಿ ಹಿಲ್ ಮತ್ತು ಅಕ್ಕ ಮಿಲ್ಡ್ರೆಡ್ ಹಿಲ್ ಮಕ್ಕಳು ಬೆಳಿಗ್ಗೆ ಹಾಡಲೆಂದು ಕಟ್ಟಿದ ಶುಭೋದಯದ ಹಾಡು 1893ರಲ್ಲಿ ಅಚ್ಚಾಯಿತು. ಅದೇ ರಾಗಕ್ಕೆ ಹುಟ್ಟುಹಬ್ಬದ ಮಾತು ಸೇರಿತು. ದಶಕಗಟ್ಟಲೆ ಅದಕ್ಕೆ ಒಡೆತನದ ಶುಲ್ಕ ವಸೂಲಾಗುತ್ತಿತ್ತು. ಆ ಹಕ್ಕು ಸಲ್ಲದೆಂದು ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟದ್ದು 2015ರಲ್ಲಿ.

ನಮ್ಮ ನಾಡಿನಲ್ಲಿ ಕೇಕಿನ ದಾರಿ ಬೇರೆಯೇ ಆಯಿತು. ಹಾಸನ ಜಿಲ್ಲೆಯಿಂದ ಬಂದ ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಮುಂದೆ ಅಯ್ಯಂಗಾರ್ ಬೇಕರಿಗಳು ಕರ್ನಾಟಕದ ಪೇಟೆ ಪೇಟೆಗೂ ಹಬ್ಬಿದವು. ಸಸ್ಯಾಹಾರಿ ಬ್ರಾಹ್ಮಣರು ನಡೆಸುವ ಬೇಕರಿಯಾದ್ದರಿಂದ ಮೊಟ್ಟೆಯಿಲ್ಲದ ಕೇಕು. ಇದು ಸಣ್ಣ ಮಾತೆನಿಸಬಹುದು. ಆದರೆ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆಂಬುದು ಇಂದಿಗೂ ಸಣ್ಣ ಮಾತಲ್ಲ. ಈದಿನ ದಿನ ನಮ್ಮ ಮನೆಗಳಿಂದ ಸುರಕುಂಬಾ ನೆರೆಮನೆಗೆ ಹೋಗುತ್ತದೆ, ಅಲ್ಲಿಂದ ಯುಗಾದಿಯ ಹೋಳಿಗೆ ಬರುತ್ತದೆ. ಆದರೆ ಕೂತು ಉಣ್ಣುವಲ್ಲಿ ಸಂಕೋಚ. ಬಿರಿಯಾನಿಯ ಮನೆಯಲ್ಲಿ ಲಿಂಗಾಯತರ ಮಗು ತಟ್ಟೆ ಹಿಡಿಯಲಾರದು. ಮೊಟ್ಟೆಯಿಲ್ಲದ ಕೇಕು, ಚುರುಮುರಿ, ಶೇಂಗಾ ಚಿಕ್ಕಿ, ಬಾಳೆಹಣ್ಣು ಇದ್ದ ಕಡೆ ಆ ತೊಡಕಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮದುವೆಗೆ ಯಾರನ್ನು ಕರೆಯಬೇಕೆಂಬುದು ಹಿರಿಯರ, ಬೀಗರ, ಜಮಾತಿನ ಲೆಕ್ಕ. ಹುಟ್ಟುಹಬ್ಬಕ್ಕೆ ಯಾರು ಬರಬೇಕೆಂದು ಹೇಳುವುದು ಮಗು. ಅದು ಕರೆಯುವುದು ತನ್ನ ಪಕ್ಕ ಕೂರುವವನನ್ನು, ತನ್ನೊಡನೆ ಕುಂಟೆಬಿಲ್ಲೆ ಆಡುವವಳನ್ನು. ಜಾತಿ ಕೇಳಿ ಗೆಳೆತನ ಮಾಡುವ ವಯಸ್ಸು ಇನ್ನೂ ಬಂದಿರುವುದಿಲ್ಲ. ಹೀಗಾಗಿ ನಮ್ಮ ಪಡಸಾಲೆಗಳಲ್ಲಿ ಎಲ್ಲ ಓಣಿಗಳ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರುವ ಅಪರೂಪದ ಸಂಜೆ ಇದೇ ಆಗಿರುತ್ತದೆ. ಹಾಲಿನಲ್ಲೋ ಹೋಟೆಲಿನಲ್ಲೋ ಮಾಡಿದರೆ ಈ ಗುಣ ಉಳಿಯುವುದಿಲ್ಲ. ಹೊಸ್ತಿಲು ದಾಟಿ ಮನೆಯೊಳಗೆ ಬಂದ ಮಗುವಿಗೆ ಆ ಮನೆ ಆಮೇಲೆ ಅಪರಿಚಿತವಾಗಿ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಹೆಣ್ಣುಮಕ್ಕಳದು. 1929ರ ಶಾರದಾ ಕಾಯಿದೆ ಹುಡುಗಿಯ ಮದುವೆಯ ವಯಸ್ಸನ್ನು ಕನಿಷ್ಠ 14 ಎಂದು ಗೊತ್ತುಮಾಡಿತು. 1949ರಲ್ಲಿ ಅದು 15 ಆಯಿತು, 1978ರಲ್ಲಿ 18 ಆಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಶಿಕ್ಷೆಯನ್ನು ಬಿಗಿಗೊಳಿಸಿತು. ಆದರೆ ವಯಸ್ಸೇ ಗೊತ್ತಿಲ್ಲದ ಊರಿನಲ್ಲಿ ವಯಸ್ಸಿನ ಕಾಯಿದೆ ಏನು ಮಾಡೀತು? ‘ಮೈನೆರೆದಾಳ, ಹದಿನೆಂಟ ಆಗಿರಬೇಕು’ ಎಂದು ಮನೆಯವರು ಹೇಳಿದರೆ ಅಲ್ಲ ಎನ್ನಲು ಪಕ್ಕದ ಮನೆಯವರಿಗೂ ಗುರುತಿರಲಿಲ್ಲ. ಶಾಲೆ ಬಿಡಿಸಿ ಕೂಲಿಗೆ ಕಳಿಸುವಾಗಲೂ ಇದೇ ಮಬ್ಬು ನೆರವಿಗೆ ಬರುತ್ತಿತ್ತು. ಪ್ರಮಾಣಪತ್ರ ಈಗ ಇದೆ. ಆದರೆ ಅದು ಟ್ರಂಕಿನೊಳಗೆ ಮಡಚಿ ಇಟ್ಟ ಕಾಗದ. ಅದೇ ಹುಡುಗಿಯ ಎಂಟನೆಯ, ಒಂಬತ್ತನೆಯ, ಹತ್ತನೆಯ ಹುಟ್ಟುಹಬ್ಬಕ್ಕೆ ಓಣಿಯೇ ಬಂದು ಕೇಕಿನ ತುಂಡು ತಿಂದು ಹೋಗಿದ್ದರೆ, ಅವಳ ವಯಸ್ಸಿಗೆ ಓಣಿಯೇ ಸಾಕ್ಷಿ. ಹದಿನಾಲ್ಕನ್ನು ಹದಿನೆಂಟು ಮಾಡುವುದು ಆಗ ಅಷ್ಟು ಸುಲಭವಲ್ಲ. ಗಂಡುಮಗನ ಹುಟ್ಟುಹಬ್ಬ ಮಾಡಿ ಮಗಳದನ್ನು ಮರೆಯುವ ಮನೆಗಳು ಇದನ್ನು ಯೋಚಿಸಬೇಕು.

ಹುಟ್ಟುಹಬ್ಬ ಅನ್ಯರ ಅನುಕರಣೆ, ಅದು ಸಲ್ಲದು ಎನ್ನುವ ಉಲೇಮಾಗಳಿದ್ದಾರೆ. ಪೂಜೆಯ ಸೋಂಕಿಲ್ಲದ ಲೋಕರೂಢಿಗೆ ಅಡ್ಡಿಯಿಲ್ಲ ಎನ್ನುವವರೂ ಇದ್ದಾರೆ. ಮೇಣದಬತ್ತಿ ಬೇಡವೆನಿಸಿದ ಮನೆಗಳಲ್ಲಿ ದುಆ ಮಾಡಿ ಸಿಹಿ ಹಂಚುತ್ತಾರೆ. ಅದು ಆಯಾ ಮನೆಯ ಮನಸ್ಸಿಗೆ ಬಿಟ್ಟದ್ದು. ಆದರೆ ದುಂದಿನ ಬಗ್ಗೆ ಎರಡು ಮಾತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ವರ್ಷದ ಕೂಸಿನ ಫ್ಲೆಕ್ಸು, ಸಾಲ ಮಾಡಿ ಹಾಕಿಸಿದ ಪೆಂಡಾಲು, ಉಡುಗೊರೆಯ ತೂಕ ನೋಡುವ ಕಣ್ಣು, ಇವೆಲ್ಲ ಹಳೆಯ ದೊರೆಗಳ ತುಲಾಭಾರವನ್ನೇ ಬಡವರ ಅಂಗಳಕ್ಕೆ ಎಳೆದು ತರುತ್ತಿವೆ. ದೊರೆಗಳಾದರೂ ತೂಗಿದ್ದನ್ನು ದಾನ ಮಾಡುತ್ತಿದ್ದರು. ಉಡುಗೊರೆ ತರಲಾಗದ ಮಗು ಬಾಗಿಲಲ್ಲೇ ಹಿಂಜರಿದು ನಿಂತರೆ ಕರೆದವರ ಹಬ್ಬ ಕೆಟ್ಟಂತೆಯೇ. ಉಡುಗೊರೆ ತರಬೇಡಿ ಎಂದು ಮೊದಲೇ ಹೇಳಿ ಕರೆಯುವುದು ಒಳ್ಳೆಯದು.

ಕೇಕಿಗೂ ಕೈಸಾಗದ ಮನೆಯಲ್ಲಿ ಆ ಹಳೆಯ ದಾರವನ್ನು ಮತ್ತೆ ತೆಗೆಯಬಹುದು. ಒಂದು ಕೆಂಪು ದಾರ, ವರ್ಷಕ್ಕೊಂದು ಗಂಟು, ನಾಲ್ಕು ಮಕ್ಕಳಿಗೆ ಬೆಲ್ಲ-ಶೇಂಗಾ. ಹತ್ತನೆಯ ಗಂಟು ಬಿದ್ದ ದಿನ ಹುಡುಗಿಯ ಕೈಗೇ ದಾರ ಕೊಟ್ಟು ಎಣಿಸು ಎನ್ನಬೇಕು. ಹದಿನೆಂಟಕ್ಕೆ ಇನ್ನು ಎಷ್ಟು ಗಂಟು ಬೇಕೆಂದು ಅವಳಿಗೂ ತಿಳಿಯಲಿ, ಕೂತು ನೋಡುವ ನೆರೆಯವರಿಗೂ ತಿಳಿಯಲಿ.